ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತುಂಬಬಹುದಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ನಾನು ತೋರಣಗಲ್ಲಿನಲ್ಲಿ ಕೆಲಸ ಮಾಡುತ್ತೇನೆ, ಲೇತ್ ಕೆಲಸ ಚೆನ್ನಾಗಿ ಗೊತ್ತು. ಶೇಂಗಾ, ಮೆಕ್ಕೆಜೋಳಕ್ಕೆ ಹಂದಿ ಕಾಟ ಅಂತ ಅಪ್ಪನ ಹೆಸರಿನಲ್ಲಿ 12 ಬೋರಿನ ಡಬಲ್ ಬ್ಯಾರಲ್ ಬಂದೂಕಿಗೆ ಲೈಸೆನ್ಸ್ ಇದೆ. ನಾನು ಏರ್ ರೈಫಲ್‌ನಲ್ಲಿ 10 ಮೀಟರ್ ಅಭ್ಯಾಸ ಮಾಡುತ್ತಿದ್ದೇನೆ. ಮುಂದೆ .22 ರೈಫಲ್‌ಗೆ ಹೋಗುವ ಆಸೆ. ಅಮೆರಿಕದವರು ಮನೆಯ ಶೆಡ್ಡಿನಲ್ಲೇ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ವಿಡಿಯೊ ನೋಡಿದೆ. ಅಪ್ಪ ಹಾರಿಸಿದ ಖಾಲಿ ಕೇಸುಗಳು ಮನೆಯಲ್ಲಿ ಒಂದು ಡಬ್ಬಿ ಇವೆ. ಮದ್ದು ತುಂಬುವ ಪ್ರೆಸ್ ಯಂತ್ರ ನಾನೇ ಮಾಡಿಕೊಳ್ಳಬಲ್ಲೆ. ಖರ್ಚು ಉಳಿಯುತ್ತದೆ, ಗುರಿಯೂ ಸುಧಾರಿಸುತ್ತದೆ ಅನ್ನುತ್ತಾರೆ. ಮಾಡಬಹುದಾ ಸರ್?

ಉತ್ತರ: ಮಾಡಬೇಡಿ. ನಮ್ಮ ದೇಶದಲ್ಲಿ ಅದು ದೊಡ್ಡ ಅಪರಾಧ. ಇಷ್ಟು ಹೇಳಿ ಮುಗಿಸಿದರೆ ನಿಮಗೆ ಸಮಾಧಾನ ಆಗುವುದಿಲ್ಲ ಅಂತ ಗೊತ್ತು. ಲೇತ್ ಮುಂದೆ ನಿಂತು ಕೆಲಸ ಮಾಡುವವರಿಗೆ "ಬೇಡ" ಅನ್ನುವುದರ ಜೊತೆ "ಯಾಕೆ" ಅನ್ನುವುದೂ ಬೇಕು.

ನಿಮ್ಮ ಪತ್ರದಲ್ಲಿ ಮೂರು ಬಂದೂಕುಗಳಿವೆ. ಅಪ್ಪನ 12 ಬೋರು, ನಿಮ್ಮ ಏರ್ ರೈಫಲ್, ಮುಂದೆ ಬರಲಿರುವ .22. ವಿಡಿಯೊದಲ್ಲಿ ನೀವು ನೋಡಿದ್ದು ಬಹುಶಃ ನಾಲ್ಕನೆಯದು: ದೂರದ ಗುರಿಗೆ ಹೊಡೆಯುವ ಸೆಂಟರ್‌ಫೈರ್ ರೈಫಲ್ (ಪಿನ್ನು ತೋಟಾದ ತಳದ ನಡುವಿಗೆ ಹೊಡೆಯುವಂಥದ್ದು). ಮದ್ದು ತುಂಬುವ ಹವ್ಯಾಸ ಬೆಳೆದಿರುವುದು ಹೆಚ್ಚಾಗಿ ಆ ನಾಲ್ಕನೆಯದರ ಸುತ್ತ. ಅದರಿಂದ ಸಿಗುವ ಲಾಭ ನಿಮ್ಮ ಮೂರರಲ್ಲಿ ಯಾವುದಕ್ಕೂ ಸಿಗುವುದಿಲ್ಲ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಲೆಕ್ಕ ಕೂಡುವುದಿಲ್ಲ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನದು. ನಿಮ್ಮ ಅಪ್ಪನ ಹತ್ತಿರ ಇರುವುದು ಅದೇ. ತಯಾರಿಕೆ, ಮಾರಾಟ, ರಿಪೇರಿ ಇವೆಲ್ಲ 5ನೇ ಸೆಕ್ಷನ್‌ಗೆ ಬರುತ್ತವೆ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಖಾಲಿ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹುಟ್ಟಿಸುವ ಭಾಗ), ಹೊಸ ಮದ್ದು, ಹೊಸ ಚರೆ (ಸಣ್ಣ ಗುಂಡುಗಳು) ಕೂರಿಸಿದರೆ ಹೊಸ ತೋಟಾ ತಯಾರಿಸಿದಂತೆಯೇ. ಇಟ್ಟುಕೊಳ್ಳುವ ಲೈಸೆನ್ಸ್ ಅದನ್ನು ಕಾಯುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು. ಜೀವಾವಧಿವರೆಗೂ ಹೋಗಬಹುದು, ಮೇಲೆ ದಂಡ.

ನಿಮ್ಮಂಥವರು ಗಮನಿಸದೆ ಬಿಡುವ ಮಾತು ಇನ್ನೊಂದಿದೆ. ಆ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ಅಂದರೆ ಒಂದು ಚಿಟಿಕೆ ಮದ್ದು ಮುಟ್ಟುವ ಮೊದಲೇ, ಲೇತ್ ಮೇಲೆ ನೀವು ಕಡೆದಿಟ್ಟ ಪ್ರೆಸ್ ಮತ್ತು ಡೈಗಳೇ (ಕೇಸನ್ನು ಆಕಾರಕ್ಕೆ ತರುವ ಅಚ್ಚು) ಮೊಕದ್ದಮೆಗೆ ಸಾಕಾಗಬಹುದು. ಫ್ಯಾಕ್ಟರಿಯ ಯಂತ್ರದಲ್ಲಿ ಊಟದ ಬಿಡುವಿನಲ್ಲಿ ಮಾಡಿಕೊಂಡರೆ ಕೆಲಸವೂ ಹೋಗುತ್ತದೆ, ಅದು ಬೇರೆ ಮಾತು. ವಿದೇಶಿ ಜಾಲತಾಣದಿಂದ ತರಿಸಿಕೊಳ್ಳುತ್ತೇನೆ ಅನ್ನಬೇಡಿ. ಪಾರ್ಸೆಲ್ ಮನೆಗೆ ಬಂತು ಅಂದಮಾತ್ರಕ್ಕೆ ಅನುಮತಿ ಬಂತು ಅಂತ ಅಲ್ಲ.

ಡಬ್ಬಿಯಲ್ಲಿರುವ ಖಾಲಿ ಕೇಸುಗಳ ಬಗ್ಗೆ ಗಾಬರಿ ಬೇಡ. ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಸಣ್ಣಪುಟ್ಟ ಭಾಗಗಳಿಗೆ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಇಲ್ಲಿ ತೂಕ ಇರುವುದು ಉದ್ದೇಶ ಅನ್ನುವ ಮಾತಿಗೆ. ಸುಮ್ನೆ ನೆನಪಿಗೆ ಇಟ್ಟ ಕೇಸು ಬೇರೆ, ಪಕ್ಕದಲ್ಲಿ ಪ್ರೆಸ್ ಇರುವ ಕೇಸು ಬೇರೆ. ಆದರೆ ಅವನ್ನು ಬ್ಯಾಗಿನಲ್ಲಿ ಹಾಕಿಕೊಂಡು ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ತೋಟಾ ಸ್ಕ್ಯಾನರ್‌ನಲ್ಲಿ ಕಂಡು, ಪ್ರಯಾಣಿಕರು ವರ್ಷಗಟ್ಟಲೆ ಹೈಕೋರ್ಟ್‌ವರೆಗೆ ಅಲೆದ ಮೊಕದ್ದಮೆಗಳು ಈ ದೇಶದಲ್ಲಿ ಬೇಕಾದಷ್ಟಿವೆ.

ಇನ್ನೊಂದು ವಿಷಯ. ಲೈಸೆನ್ಸ್ ಅಪ್ಪನದು, ನಿಮ್ಮದಲ್ಲ. ಅವರ ಎದುರಿಗೆ ನೀವು ಬಂದೂಕು ಹೊತ್ತು ನಡೆಯಬಹುದು. ರಿಪೇರಿಗೋ ನವೀಕರಣಕ್ಕೋ ಅವರು ಬರೆದುಕೊಟ್ಟ ಪತ್ರ ಇದ್ದರೆ ಒಯ್ಯಬಹುದು. ಅವರಿಲ್ಲದಾಗ ಹೊಲಕ್ಕೆ ತೆಗೆದುಕೊಂಡು ಹೋಗುವಂತಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಬೇಟೆಗೆ ಕೊಟ್ಟ ಅನುಮತಿಯೂ ಅಲ್ಲ. ಕಾಡುಹಂದಿಗೂ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ.

ಹಾಗಾದರೆ ಅಮೆರಿಕದವರು ಹೇಗೆ ಮಾಡುತ್ತಾರೆ? ಅಲ್ಲಿಯ ಕೇಂದ್ರ ಕಾನೂನು ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಕೇಳುವುದಿಲ್ಲ, ಮಾರಾಟಕ್ಕೆ ಮಾತ್ರ ಕೇಳುತ್ತದೆ. ಜರ್ಮನಿಯಲ್ಲಿ ಹಾಗಿಲ್ಲ. ಅಲ್ಲಿ ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ, ಸ್ಫೋಟಕ ಕಾನೂನಿನ ಕೆಳಗೆ ಪರವಾನಗಿ ತೆಗೆದುಕೊಂಡ ಮೇಲೆಯೇ ಮದ್ದಿನ ಡಬ್ಬಿ ಕೈಗೆ ಬರುತ್ತದೆ. ನನಗೆ ಈ ಹವ್ಯಾಸದ ಮೇಲೆ ತಕರಾರಿಲ್ಲ. ತಾಳ್ಮೆ ಇರುವವರ ಕೆಲಸ ಅದು, ಒಳ್ಳೆಯ ಕಸುಬುದಾರಿಕೆ. ಹಿತ್ತಾಳೆಯ ಕೇಸು ಒಮ್ಮೆ ಹಾರಿದ ಮೇಲೆ ಆ ರೈಫಲ್ಲಿನ ಚೇಂಬರಿನ (ತೋಟಾ ಕೂರುವ ಗೂಡಿನ) ಆಕಾರಕ್ಕೇ ಹಿಗ್ಗಿರುತ್ತದೆ. ಮತ್ತೆ ತುಂಬಿದಾಗ ಅದೇ ಚೇಂಬರಿನಲ್ಲಿ ಚೆನ್ನಾಗಿ ಕೂರುತ್ತದೆ. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಅಂದರೆ 0.065 ಗ್ರಾಂ. ಅದರ ಹತ್ತನೇ ಒಂದು ಭಾಗದವರೆಗೂ ನೋಡುತ್ತಾರೆ. ಗುಂಡು ಎಷ್ಟು ಆಳಕ್ಕೆ ಕೂರಬೇಕು ಅನ್ನುವುದನ್ನೂ ತಮ್ಮ ನಳಿಗೆಗೆ ಹೊಂದಿಸುತ್ತಾರೆ. ಹೀಗೆ ಒಂದೊಂದು ಗುಂಡಿನ ವೇಗದಲ್ಲಿ ಇರುವ ಏರುಪೇರು ಕಡಿಮೆಯಾಗುತ್ತದೆ. 300 ಮೀಟರ್‌ಗೆ, ಅದಕ್ಕಿಂತ ದೂರಕ್ಕೆ ಹೊಡೆಯುವವರಿಗೆ ಆ ಏರುಪೇರು ಗುರಿಯಲ್ಲಿ ಕಣ್ಣಿಗೇ ಕಾಣುತ್ತದೆ. ಅವರ ಶ್ರಮಕ್ಕೆ ಅರ್ಥ ಇದೆ.

ಈಗ ನಿಮ್ಮ .22 ಕಡೆ ಬರೋಣ. ಆ ತೋಟಾಕ್ಕೆ ಮತ್ತೆ ಮದ್ದು ತುಂಬುವ ಪ್ರಶ್ನೆಯೇ ಏಳುವುದಿಲ್ಲ. ಅದು ರಿಮ್‌ಫೈರ್. ಕಿಡಿ ಹುಟ್ಟಿಸುವ ರಾಸಾಯನಿಕ ಬೇರೆ ಪ್ರೈಮರಿನಲ್ಲಿ ಇರುವುದಿಲ್ಲ, ಕೇಸಿನ ತಳದ ಅಂಚಿನ ಒಳಗೇ ಹಚ್ಚಿರುತ್ತಾರೆ. ಪಿನ್ನು ಹೊಡೆದರೆ ಅಂಚು ಜಜ್ಜಿ ಹೋಗುತ್ತದೆ. ಒಮ್ಮೆ ಹಾರಿದರೆ ಅದರ ಕೆಲಸ ಮುಗಿಯಿತು. ಹಾಗಾಗಿ ಅಮೆರಿಕದ ಶೆಡ್ಡಿನವರೂ ಸಾಮಾನ್ಯವಾಗಿ .22 ಕೇಸನ್ನು ಕಸಕ್ಕೇ ಹಾಕುತ್ತಾರೆ.

ಪ್ಯಾರಿಸ್ 2024ರಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯವರು. ಆ ಸ್ಪರ್ಧೆಯೂ .22ನದೇ. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಭಾರತಕ್ಕೆ ಇದುವರೆಗೆ ಬಂದ ಪದಕ 7. 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಶಾಟ್‌ಗನ್‌ನಲ್ಲಿ ಗೆದ್ದ ಬೆಳ್ಳಿ ಬಿಟ್ಟರೆ, ಉಳಿದ 6 ಪದಕ ಏರ್ ಗನ್‌ನವು ಇಲ್ಲವೇ .22ನವು. ಅಂದರೆ ತೋಟಾ ತುಂಬುವ ಮಾತೇ ಇಲ್ಲದ ಸ್ಪರ್ಧೆಗಳಲ್ಲಿ ಬಂದವು. ಆ ಮಟ್ಟದವರು ತೋಟಾ ತುಂಬುವುದಿಲ್ಲ, ಆರಿಸುತ್ತಾರೆ. ಎಲಿ, ಲಪುವಾದಂಥ ಕಂಪನಿಗಳ ಪರೀಕ್ಷಾ ಕೇಂದ್ರಕ್ಕೆ ರೈಫಲ್ ಒಯ್ದು, ಬೇರೆ ಬೇರೆ ಲಾಟಿನ (ಒಂದೇ ಸಲಕ್ಕೆ ತಯಾರಾದ ಕಂತಿನ) ತೋಟಾ ಹೊಡೆದು ನೋಡಿ, ತಮ್ಮ ನಳಿಗೆಗೆ ಒಪ್ಪಿದ ಲಾಟನ್ನು ಒಟ್ಟಿಗೆ ಕೊಳ್ಳುತ್ತಾರೆ. ಈ ಆರಿಸುವ ವಿದ್ಯೆಯನ್ನು ನೀವು ಇವತ್ತೇ ಶುರು ಮಾಡಬಹುದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಪ್ಪನ 12 ಬೋರಿನಲ್ಲಿ ಒಂದು ಗುಂಡಿಲ್ಲ, ಚರೆ ಇದೆ. ಹರಡಿಕೊಂಡು ಹೋಗುವ ಚರೆಗೆ, ಹೊಲದ ಬದುವಿನಷ್ಟು ದೂರಕ್ಕೆ, ಮದ್ದಿನ ತೂಕದ ಕೂದಲೆಳೆ ವ್ಯತ್ಯಾಸದಿಂದ ಏನೂ ಆಗಬೇಕಾಗಿಲ್ಲ. ಖಡಕಿ ಫ್ಯಾಕ್ಟರಿಯ ಶಕ್ತಿಮಾನ್ ತೋಟಾ ಸಾಕು. ಖರ್ಚಿನ ಲೆಕ್ಕವೂ ಅಷ್ಟೇ. ಬೆಳೆ ಕಾಯುವವರು ವರ್ಷಕ್ಕೆ ಎಷ್ಟು ತೋಟಾ ಹಾರಿಸುತ್ತಾರೆ? ವಾರಕ್ಕೆ ನೂರಾರು ಹೊಡೆಯುವವರಿಗೆ ಮಾತ್ರ ಯಂತ್ರದ ದುಡ್ಡು ವಾಪಸ್ ಬರುತ್ತದೆ.

ಇನ್ನು ಅಪಾಯ. 12 ಬೋರಿನ ತೋಟಾ ಸಿಡಿದಾಗ ಒಳಗೆ ಹುಟ್ಟುವ ಒತ್ತಡಕ್ಕೆ ಅಮೆರಿಕದ ತಯಾರಕರ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಸಂಡೂರಿನ ಅದಿರು ಲಾರಿಯ ಟೈರಿನಲ್ಲಿ ನೂರರ ಮೇಲೆ ಸ್ವಲ್ಪ ಇರುತ್ತದೆ. ಆ ಟೈರ್ ಒಡೆದಾಗ ಪಕ್ಕದಲ್ಲಿದ್ದವರ ಗತಿ ನಿಮಗೆ ಗೊತ್ತು. ಬಂದೂಕಿನಲ್ಲಿ ಅದರ ನೂರು ಪಟ್ಟು ಒತ್ತಡ ನಿಮ್ಮ ಎಡಗೈ ಹಿಡಿದ ನಳಿಗೆಯೊಳಗೆ, ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಇರುತ್ತದೆ. ರೈಫಲ್‌ಗಳಲ್ಲಿ ಇನ್ನೂ ಜಾಸ್ತಿ. .308 ರೈಫಲ್ ತೋಟಾದ ಮಿತಿ 62,000 ಪಿಎಸ್‌ಐ.

ಪಳಗಿದವರ ಕೈಯಲ್ಲೂ ಅನಾಹುತ ಆಗುವುದು ಹೆಚ್ಚಾಗಿ ಮೂರು ದಾರಿಯಲ್ಲಿ. ಮಾತಾಡುತ್ತಾ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುತ್ತದೆ. ಇಲ್ಲವೇ ಮದ್ದೇ ಬೀಳದೆ, ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಮೂರನೆಯದು ಮದ್ದು ಅದಲುಬದಲಾಗುವುದು. ಬೇಗ ಉರಿಯುವ ಮದ್ದು, ನಿಧಾನ ಉರಿಯುವ ಮದ್ದು ನೋಡಲು ಒಂದೇ ಥರ ಇರಬಹುದು. ಅದಕ್ಕೇ ಮೇಜಿನ ಮೇಲೆ ಎರಡು ಡಬ್ಬಿ ಇಡಬಾರದು ಅನ್ನುವ ನಿಯಮವನ್ನು ಅವರು ಪಾಲಿಸುತ್ತಾರೆ.

ನಮ್ಮ ಕಡೆ ಬಿಸಿಲಿನ ಲೆಕ್ಕವೂ ಸೇರುತ್ತದೆ. ಹೊಗೆರಹಿತ ಮದ್ದು ಬಿಸಿಯಾದಷ್ಟೂ ಒತ್ತಡ ಏರುವುದು ಸಾಮಾನ್ಯ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುತ್ತವೆ. ತಗಡಿನ ಸೂರಿನ ಕೆಳಗೆ ಇನ್ನೂ ಹೆಚ್ಚು. ತಂಪು ದೇಶದವರು ಮಿತಿಯ ಅಂಚಿಗೆ ಕಟ್ಟಿದ ಲೆಕ್ಕ ನಮ್ಮ ಮಧ್ಯಾಹ್ನಕ್ಕೆ ಮಿತಿ ದಾಟಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮದು ಗಣಿ, ಕಲ್ಲುಕ್ವಾರಿ ಇರುವ ಸೀಮೆ. ಸಂಡೂರಿನಿಂದ ಹಟ್ಟಿವರೆಗೆ ಸ್ಫೋಟಕದ ಮಾತು ಯಾರಿಗೂ ಹೊಸದಲ್ಲ. ಬಂಡೆ ಒಡೆಯುವ ಮದ್ದನ್ನೋ ಪಟಾಕಿ ಮದ್ದನ್ನೋ ತೋಟಾಕ್ಕೆ ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಬಂದೂಕಿನ ಮದ್ದು ಉರಿಯುತ್ತದೆ, ಗುಂಡನ್ನು ದೂಡುತ್ತದೆ. ಬಂಡೆಯ ಮದ್ದು ಉರಿಯುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ. ಗುಂಡು ಮುಂದೆ ಸರಿಯುವಷ್ಟರಲ್ಲಿ ಉಕ್ಕೇ ಚೂರಾಗಿರುತ್ತದೆ. ಪಟಾಕಿ ಮದ್ದು ಎಷ್ಟು ವೇಗಕ್ಕೆ ಉರಿಯುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಇವೆರಡನ್ನೂ ಮುಟ್ಟಬೇಡಿ.

"ನಮ್ಮಜ್ಜ ಕೇಪಿನ ಬಂದೂಕಿಗೆ ತಾನೇ ಮದ್ದು ತುಂಬುತ್ತಿದ್ದ" ಅನ್ನುವ ವಾದವೂ ಬರುತ್ತದೆ. ನಿಜ. ಆ ಬಂದೂಕು ಇರುವುದೇ ಹಾಗೆ, ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು ಹಾಕಿ ಗಜದಿಂದ ದೂಡಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಕೋಟೆಗೋಡೆ ಮೇಲಿದ್ದವರನ್ನು ಹೊಡೆದುರುಳಿಸಿದ ಪೋರ್ಚುಗೀಸ್ ಬಂದೂಕಿನವರೂ ಹಾಗೇ ತುಂಬುತ್ತಿದ್ದರು. ಆಗ ತೋಟಾ ಅನ್ನುವುದೇ ಇರಲಿಲ್ಲ. ಅದು ಕರಿಮದ್ದು. ಅದರ ಒತ್ತಡ ಕಡಿಮೆ, ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ತಡೆಯುತ್ತಿತ್ತು. ಅದೇ ಅಳತೆ ಚಿಪ್ಪಿನಲ್ಲಿ ಇವತ್ತಿನ ಹೊಗೆರಹಿತ ಮದ್ದು ಹಾಕಿದರೆ ಅಜ್ಜನ ಬಂದೂಕು ಬಾಂಬ್ ಆಗುತ್ತದೆ.

ಅಪ್ಪನ ಹತ್ತಿರ ಹಾರಿಸದ ಹಳೆಯ ತೋಟಾ ಇದ್ದರೆ ಒಮ್ಮೆ ಅವರ ಜೊತೆ ಕೂತು ನೋಡಿ. ಕೇಸು ಉಬ್ಬಿದ್ದರೆ, ಹಿತ್ತಾಳೆ ತಳ ಹಸಿರುಗಟ್ಟಿದ್ದರೆ, ಬಾಯಿ ಬಿರಿದಿದ್ದರೆ ಬಳಸಬೇಡಿ. ಬಿಚ್ಚಬೇಡಿ, ಹೂಳಬೇಡಿ, ಒಲೆಗೆ ಹಾಕಬೇಡಿ. ಅಪ್ಪನೇ ಲೈಸೆನ್ಸ್ ಪುಸ್ತಕದ ಜೊತೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಯ್ದು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಬರಹದಲ್ಲಿ ರಶೀದಿ ಪಡೆಯಲಿ. ಕುದುರೆ (ಟ್ರಿಗರ್) ಎಳೆದ ಮೇಲೂ ತೋಟಾ ಹಾರದಿದ್ದರೆ ತಕ್ಷಣ ಬಂದೂಕು ಮಡಚಿ ತೆರೆಯಬಾರದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಕೆಲವು ತಡವಾಗಿ ಹಾರುತ್ತವೆ.

ಈಗ ನಿಮ್ಮ ಕೈಗೆ ಕೆಲಸ ಕೊಡುತ್ತೇನೆ. ನಿಮ್ಮ ಏರ್ ರೈಫಲ್ 4.5 ಮಿಲಿಮೀಟರ್ ಬೋರಿನದು, ಶಕ್ತಿ 20 ಜೂಲ್ ಒಳಗಿನದು ಆಗಿದ್ದರೆ 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್ 8 ಜೂಲ್ ಆಸುಪಾಸು ಇರುತ್ತದೆ. ಮದ್ದು ತೂಗುವವರು ಪಡುವ ಖುಷಿಯನ್ನೆಲ್ಲ ನೀವು ಪೆಲೆಟ್ (ಏರ್ ರೈಫಲ್ಲಿನ ಸೀಸದ ಗುಂಡು) ಡಬ್ಬಿಯಲ್ಲಿ ಪಡೆಯಬಹುದು.

ಸ್ಪರ್ಧೆಯ ಪೆಲೆಟ್ ಚಪ್ಪಟೆ ಮೂತಿಯದು, ಕಾಗದದಲ್ಲಿ ದುಂಡಗೆ ತೂತು ಕೊರೆಯುತ್ತದೆ. ರೈಫಲ್‌ನದು ಸುಮಾರು 0.53 ಗ್ರಾಂ. ಡಬ್ಬಿಯ ಮೇಲೆ ತಲೆಯ ಅಳತೆ 4.49, 4.50, 4.51 ಅಂತ ಬರೆದಿರುತ್ತದೆ. ಆ ನೂರನೇ ಒಂದು ಮಿಲಿಮೀಟರ್ ನಿಮ್ಮ ನಳಿಗೆಗೆ ಒಗ್ಗುತ್ತದೋ ಇಲ್ಲವೋ ಅನ್ನುವುದೇ ಇಡೀ ಪರೀಕ್ಷೆ. ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಇವುಗಳಲ್ಲಿ ಸಿಕ್ಕ ಎರಡು ಮೂರು ಬಗೆ, ಎರಡು ಮೂರು ಅಳತೆ ತರಿಸಿ. ಬ್ಯಾಚ್ ನಂಬರ್ ಬರೆದಿಡಿ. ಒಂದೇ ಹೆಸರಿನ ಎರಡು ಬ್ಯಾಚ್ ಒಂದೇ ಥರ ಹೊಡೆಯುತ್ತವೆ ಅಂತ ನಂಬಬೇಡಿ.

ರೈಫಲ್ಲನ್ನು ವೈಸ್‌ನಲ್ಲಿ (ಬಿಗಿದು ಹಿಡಿಯುವ ಇಕ್ಕಳದಲ್ಲಿ) ಹಿಡಿಸಿ. ಆ ಹಿಡಿಕೆ ಮಾಡುವುದಕ್ಕೆ ನಿಮ್ಮ ಲೇತ್ ಕೆಲಸ ಬಳಸಿ, ಇದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ದವಡೆಗೆ ಚರ್ಮವೋ ರಬ್ಬರೋ ಅಂಟಿಸಿ. ನಳಿಗೆ ಹಿಡಿಯಬೇಡಿ, ಗಾಳಿಯ ಸಿಲಿಂಡರನ್ನಂತೂ ಮುಟ್ಟಲೇಬೇಡಿ, ಆ್ಯಕ್ಷನ್ (ಪೆಲೆಟ್ ತುಂಬಿ ಹಾರಿಸುವ ಭಾಗ) ಹಿಡಿಯಿರಿ. ಪೆಲೆಟ್ ಬದಲಿಸಿದ ಮೇಲೆ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ, ನಳಿಗೆ ಹೊಸ ಪೆಲೆಟ್ಟಿಗೆ ಹೊಂದಿಕೊಳ್ಳಲಿ. ಆಮೇಲೆ ಒಂದೇ ಕಾಗದಕ್ಕೆ 10 ಗುಂಡು. ಐದೇ ಗುಂಡಿನ ಗುಂಪು ನಂಬಬೇಡಿ, ಅದು ಅದೃಷ್ಟಕ್ಕೂ ಚಿಕ್ಕದಾಗುತ್ತದೆ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆಯಿರಿ, 4.5 ಕಳೆಯಿರಿ. ಉಳಿದದ್ದು ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ.

ಅದರ ಬೆಲೆ ಏನು ಅಂತ ನೋಡಿ. 10 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟಿನ ಅಂಚು ತಾಗಿದರೂ ಅಂಕ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ಕೇಂದ್ರ 2.5 ಮಿಲಿಮೀಟರ್ ಒಳಗಿದ್ದರೆ 10.0. ಅಲ್ಲಿಂದ ಪ್ರತಿ ಕಾಲು ಮಿಲಿಮೀಟರ್ ಒಳಗೆ ಬಂದರೆ 0.1 ಹೆಚ್ಚು. ಪೂರ್ತಿ 10.9 ಬೇಕೆಂದರೆ ಕಾಲು ಮಿಲಿಮೀಟರ್ ಒಳಗೇ ಬೀಳಬೇಕು. ವೈಸ್‌ನಲ್ಲಿ ಹೊರ ಅಂಚಿನ ಅಳತೆ 6 ಮಿಲಿಮೀಟರ್ ಬಂದರೆ ಕೇಂದ್ರಗಳ ಹರವು 1.5. ಆ ಗುಂಪು ನಡುವಿಗೆ ಸರಿಯಾಗಿ ಕೂತರೆ ಎಲ್ಲ ಗುಂಡೂ ಹೆಚ್ಚುಕಡಿಮೆ 10.7ರ ಆಚೆ ಈಚೆ. ಒಗ್ಗದ ಪೆಲೆಟ್ 9 ಮಿಲಿಮೀಟರ್ ಹರಡಿದರೆ ಒಂದು ಗುಂಡು 10.1ಕ್ಕೆ ಇಳಿಯುತ್ತದೆ. ಆಗ ನೀವು ನಿಮ್ಮ ಟ್ರಿಗರನ್ನು ಬೈಯುತ್ತಾ ಕೂರುತ್ತೀರಿ. 60 ಗುಂಡಿನ ಸ್ಪರ್ಧೆಯಲ್ಲಿ ಅದು ದೊಡ್ಡ ಅಂತರ.

ಪೆಲೆಟ್ ಒಂದೊಂದಾಗಿ ತೂಗಬೇಕಾ ಅಂತ ನೀವು ಕೇಳೇ ಕೇಳುತ್ತೀರಿ. ಆಸೆ ಇದ್ದರೆ ತೂಗಿ. ನನ್ನ ಪ್ರಕಾರ ಒಳ್ಳೆಯ ಮ್ಯಾಚ್ ಪೆಲೆಟ್‌ನಲ್ಲಿ ಅದರಿಂದ ಸಿಗುವುದು ಕಡಿಮೆ. ಅದಕ್ಕಿಂತ ಹಿಂಬದಿಯ ತೆಳು ಅಂಚು ಮಡಚಿದೆಯಾ, ಕಚ್ಚು ಬಿದ್ದಿದೆಯಾ ಅಂತ ನೋಡಿ ಅಂಥವನ್ನು ಬಿಸಾಡಿ. ಡಬ್ಬಿಯನ್ನು ಬೈಕಿನ ಬಾಕ್ಸಿನಲ್ಲಿ ಕುಲುಕಾಡಿಸಿಕೊಂಡು ಕುಷ್ಟಗಿಯಿಂದ ತೋರಣಗಲ್ಲಿಗೆ ತಂದರೆ ಅರ್ಧ ಹಾಳಾಗಿರುತ್ತವೆ. ಸ್ಪಂಜಿನ ಟ್ರೇ ಸಿಗುತ್ತದೆ, ಅದರಲ್ಲಿಡಿ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ, ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯಬೇಡಿ.

ಗಾಳಿಯ ಸಿಲಿಂಡರ್ 200 ಬಾರ್ (ಒತ್ತಡದ ಅಳತೆ) ತಡೆಯುವಂಥದ್ದಾದರೆ ಪೂರ್ತಿ ತುಂಬಿ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಅದರ ಮೇಲೆ ತಯಾರಕರು ಒತ್ತಿದ ತಾರೀಕು ನೋಡಿಕೊಳ್ಳಿ. ಅವಧಿ ಸಾಮಾನ್ಯವಾಗಿ 10 ವರ್ಷ. ಅದನ್ನು ನೋಡಿಕೊಳ್ಳುವ ಹೊಣೆ ಶೂಟರ್‌ದೇ ಅಂತ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ನಿಮ್ಮದು ಸ್ಪ್ರಿಂಗ್ ರೈಫಲ್ ಆಗಿದ್ದರೆ ಗಾಳಿಯ ಕೋಣೆಗೆ ಸಿಕ್ಕ ಎಣ್ಣೆ ಬಿಡಬೇಡಿ. ಒತ್ತಡಕ್ಕೆ ಎಣ್ಣೆ ಡೀಸೆಲ್ ಎಂಜಿನ್ನಿನ ಥರ ಹೊತ್ತಿಕೊಂಡು ವೇಗವೆಲ್ಲ ಏರುಪೇರಾಗುತ್ತದೆ.

.22ಗೆ ದಾಟಲು ಸ್ವಂತ ರೈಫಲ್ಲೇ ಬೇಕು ಅಂತಿಲ್ಲ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ. ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಮುಂದೆ ನಿಮ್ಮದೇ ಲೈಸೆನ್ಸಿಗೆ ಅರ್ಜಿ ಹಾಕುವಾಗ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಹೇಗೂ ಕೇಳುತ್ತಾರೆ. ಸ್ಪರ್ಧೆಯ ದಾರಿ ರಾಜ್ಯ ರೈಫಲ್ ಸಂಸ್ಥೆಯ ಮೂಲಕ. ಕ್ಲಬ್ಬಿನ ರೈಫಲ್, ಕ್ಲಬ್ಬಿನ ತೋಟಾದಲ್ಲಿ ರೇಂಜಿನೊಳಗೇ ಕಲಿಯಬಹುದು.

ಪೆಲೆಟ್ ಪರೀಕ್ಷೆ ಮಾಡಿದರೆ ಗುಂಪುಗಳ ಫೋಟೊ ಕಳಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ರೈಫಲ್ಲಿನ ಮಾದರಿ, ಪೆಲೆಟ್ಟಿನ ತಲೆಯ ಅಳತೆ, ಬ್ಯಾಚ್ ನಂಬರ್, ಹೊಡೆದ ಹೊತ್ತಿನ ಉಷ್ಣಾಂಶ ಇಷ್ಟು ಬರೆಯಿರಿ. ಯಾವ ಡಬ್ಬಿ ಮತ್ತೆ ತರಿಸಬೇಕು ಅಂತ ಆಗ ಹೇಳಬಲ್ಲೆ.